ಒಂದೇ ಫೈಬರ್, ಎರಡು ಮೀಟರ್, ಎರಡು ಲೆಕ್ಕ: ಯಾವುದು ಸರಿ?

ಪ್ರಶ್ನೆ (ತುಮಕೂರು): ಸರ್, ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಹಳೇ 62.5 ಮೈಕ್ರಾನ್ ಮಲ್ಟಿಮೋಡ್ ಫೈಬರ್ (ಬೆಳಕು ಹಲವು ದಾರಿಯಲ್ಲಿ ಹೋಗುವ ಗಾಜಿನ ಎಳೆ) ಲಿಂಕ್ ಟೆಸ್ಟ್ ಮಾಡಿದೆ. 210 ಮೀಟರ್ ಉದ್ದ, ನಡುವೆ ಒಂದು ಜಾಯಿಂಟ್ ಸೇರಿ ಮೂರು ಕನೆಕ್ಟರ್ ಜೋಡಿ. 850 ನ್ಯಾನೋಮೀಟರ್‌ನಲ್ಲಿ ನನ್ನ ಮೀಟರ್ 1.4 ಡಿಬಿ ಲಾಸ್ (ದಾರಿಯಲ್ಲಿ ಕಳೆದುಹೋದ ಬೆಳಕಿನ ಲೆಕ್ಕ) ತೋರಿಸುತ್ತದೆ, ಕನ್ಸಲ್ಟೆಂಟ್ ಮೀಟರ್ 2.2. ಕನೆಕ್ಟರ್ ಎಲ್ಲ ಒರೆಸಿದ್ದಾಯಿತು, ಎರಡು ಸಲ. ನಾನು ಕೆಲಸ ಸರಿಯಾಗಿ ಮಾಡಿಲ್ಲ ಅಂತಿದ್ದಾರೆ.

ಉತ್ತರ: ಮೊದಲು ಒಂದು ಮಾತು ಹೇಳಿ, ಎರಡು ಮೀಟರಿನ ಲೈಟ್ ಸೋರ್ಸ್ ಯಾವುವು? ನಿಮ್ಮದು ಲೇಸರ್, ಅವರದು ಎಲ್‌ಇಡಿ ಇರಬೇಕು.

ಪ್ರಶ್ನೆ: ಹೌದು ಸರ್! ಹೇಗೆ ಗೊತ್ತಾಯಿತು?

ಉತ್ತರ: ಆ ನಂಬರೇ ಹೇಳುತ್ತದೆ. ಎಲ್‌ಇಡಿ ಬೆಳಕು ಅಗಲ, ಕೋರ್ (ಫೈಬರಿನಲ್ಲಿ ಬೆಳಕು ಹರಿಯುವ ನಡುಭಾಗ, ನಿಮ್ಮ 62.5 ಅದರ ಅಗಲ) ಅಂಚಿನವರೆಗೂ ತುಂಬಿಕೊಂಡು ಹೋಗುತ್ತದೆ. ಲೇಸರ್ ಬೆಳಕು ನಡುವಿನಲ್ಲೇ ಸಣ್ಣಗೆ ಹೋಗುತ್ತದೆ. ಅಂಚಿನ ಬೆಳಕಿಗೆ ಹಿಡಿತ ಕಮ್ಮಿ, ಬಾಗಿದ ಕಡೆ, ಜಾಯಿಂಟ್ ಕೂದಲೆಳೆಯಷ್ಟು ಪಕ್ಕ ಸರಿದ ಕಡೆ ಹೊರಗೆ ಸೋರಿಬಿಡುತ್ತದೆ. ತುಂಬಿದ ಕೊಡ ತುಳುಕಲ್ಲ ಅಂತಾರಲ್ವಾ, ಇಲ್ಲಿ ಉಲ್ಟಾ, ತುಂಬಿದ್ದೇ ತುಳುಕೋದು. ಅಂದರೆ ಅವರ ಮೀಟರ್ ಲಾಸ್ ಹೆಚ್ಚು ತೋರಿಸುತ್ತಿದೆ, ನಿಮ್ಮದು ಕಮ್ಮಿ. ಇಬ್ಬರದೂ ಪೂರ್ತಿ ಸರಿ ಅಲ್ಲ. ಹಾಗೆ ನೋಡಿದರೆ ಕಿಲೋಮೀಟರಿಗೆ 3.5 ಡಿಬಿ, ಜೋಡಿಗೆ 0.75 ಲೆಕ್ಕದಲ್ಲಿ ಈ ಲಿಂಕಿಗೆ ಸುಮಾರು 3 ಡಿಬಿವರೆಗೆ ಅವಕಾಶ ಇದೆ, ಎರಡು ರೀಡಿಂಗೂ ಪಾಸ್. ಜಗಳ ಯಾಕೆ?

ಆದರೂ ಎರಡು ಲೆಕ್ಕ ಹತ್ತಿರ ತರಬೇಕಾದರೆ, ಅವರ ಎಲ್‌ಇಡಿ ಸೋರ್ಸ್ ಕಡೆಯ ಪ್ಯಾಚ್ ಕಾರ್ಡನ್ನು, ಅಂದರೆ ಜೋಡಿಸುವ ತುಂಡು ಕೇಬಲನ್ನು (3 ಮಿಮೀ ಜಾಕೆಟ್ ಇದ್ದರೆ) 17 ಮಿಮೀ ವ್ಯಾಸದ ಕಡ್ಡಿಗೆ ಐದು ಸುತ್ತು ಬಿಗಿಯಾಗಿ ಸುತ್ತಿ. ಅಂಚಿನ ಬೆಳಕು ಅಲ್ಲೇ ಉದುರಿಹೋಗುತ್ತದೆ. 50 ಮೈಕ್ರಾನ್ ಫೈಬರ್ ಆದರೆ 22 ಮಿಮೀ ಕಡ್ಡಿ. ಲೇತ್ ಅಂಗಡಿಯಲ್ಲಿ ತಿರುಗಿಸಿ ಕೊಡುತ್ತಾರೆ. ಸುತ್ತಿದ ಮೇಲೆಯೇ ರೆಫರೆನ್ಸ್ (ಲಾಸ್ ಲೆಕ್ಕದ ಸೊನ್ನೆ) ಸೆಟ್ ಮಾಡಿ, ಆಮೇಲೆ ಬಿಚ್ಚಬೇಡಿ. ನಾನೊಮ್ಮೆ ಆತುರಕ್ಕೆ ಬಿಚ್ಚಿ, ಲಾಸ್ ಮೈನಸ್ ಬಂತು ಅಂತ ಅರ್ಧ ದಿನ ತಲೆ ಕೆರೆದುಕೊಂಡಿದ್ದೆ.

ನಿಮ್ಮ ಲೇಸರಿಗೆ ಈ ಸುತ್ತು ಪ್ರಯೋಜನ ಇಲ್ಲ, ಸುತ್ತು ಬೆಳಕು ಕಿತ್ತು ಹಾಕಬಹುದು, ಖಾಲಿ ಜಾಗ ತುಂಬಿಸಲಾರದು. ಫೈಬರ್ ಟೆಸ್ಟಿಂಗಿನ ಅಂತರರಾಷ್ಟ್ರೀಯ ಮಾನದಂಡ ಐಇಸಿ 61280-4-1 ಈಗ ಎನ್‌ಸರ್ಕಲ್ಡ್ ಫ್ಲಕ್ಸ್ ಅಂತ ಒಂದು ಮಿತಿ ಇಟ್ಟಿದೆ, ಬೆಳಕು ಕೋರಿನಲ್ಲಿ ಹೇಗೆ ಹರಡಿರಬೇಕು ಅನ್ನೋದಕ್ಕೆ. ಅದಕ್ಕೆ ಹೊಂದುವ ಸೋರ್ಸ್ ಇದ್ದರೆ ಈ ರಗಳೆಯೇ ಇಲ್ಲ.

ಇನ್ನೊಬ್ಬರು (ಕೋಲಾರ): ನಮ್ಮಲ್ಲಿ ಲಾಸ್ ಸರಿ ಇದ್ದರೂ 1310 ನ್ಯಾನೋಮೀಟರಿನ ಎಲ್‌ಎಕ್ಸ್ ಮಾಡ್ಯೂಲ್ (ಸ್ವಿಚ್ಚಿಗೆ ಹಾಕುವ ಲೇಸರ್ ಮಾಡ್ಯೂಲ್) ಹಾಕಿದರೆ ಎರರ್ ಬರುತ್ತದೆ ಸರ್. ಫೈಬರ್ ಅದೇ 62.5.

ಉತ್ತರ: ಅದು ಬೇರೆ ಕಥೆ. ಹಳೇ ಫೈಬರ್‌ಗಳಲ್ಲಿ ಕೋರಿನ ನಟ್ಟನಡುವೆ ಗಾಜು ಬೆಳಕನ್ನು ಬಾಗಿಸುವ ಗುಣ (ವಕ್ರೀಭವನ ಸೂಚ್ಯಂಕ) ಸ್ವಲ್ಪ ತಗ್ಗಿರುತ್ತದೆ. ಲೇಸರ್ ಅಲ್ಲೇ ಬಿದ್ದರೆ ಒಂದೇ ಪಲ್ಸ್ ಸೀಳಿ ಮುಂದೆ ಹಿಂದೆ ತಲುಪುತ್ತದೆ. ಮೋಡ್ ಕಂಡೀಷನಿಂಗ್ ಪ್ಯಾಚ್ ಕಾರ್ಡ್ ಹಾಕಿ, ಅದು ಬೆಳಕನ್ನು ನಡುವಿನಿಂದ ಸುಮಾರು 20 ಮೈಕ್ರಾನ್ ಪಕ್ಕಕ್ಕೆ ಬಿಡುತ್ತದೆ. ಸಿಂಗಲ್‌ಮೋಡ್‌ಗೆ (ಬೆಳಕಿಗೆ ಒಂದೇ ದಾರಿ ಇರುವ ಸಣ್ಣ ಕೋರಿನ ಫೈಬರ್) ಇದು ಬೇಕಿಲ್ಲ, ಮನೆಗೆ ಬರೋ ಫೈಬರಿಗೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ (ತುಮಕೂರು): ಸರ್, ಸುತ್ತಿ ನೋಡಿದೆವು. ಅವರ 2.2 ಈಗ 1.7 ಆಯಿತು, ಸಹಿ ಹಾಕಿದರು. ಕಡ್ಡಿ ಮಾತ್ರ ಅವರೇ ಇಟ್ಟುಕೊಂಡರು.