ಬಾಯಿಪಾಠ ಮಾಡಲು ಮೊದಲ ಗೋ ಪಂದ್ಯ ಯಾವುದು? ನಿಮ್ಮ ಅನುಭವ ಹೇಳಿ

ಥಾಣೆಯ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ 11 ವರ್ಷ. ಗೋ ಆಟದಲ್ಲಿ (ಕಪ್ಪು, ಬಿಳಿ ಕಲ್ಲು ಇಡುವ ಬೋರ್ಡ್ ಆಟ) 9 ಕ್ಯು, ಅಂದರೆ ಇನ್ನೂ ಕಲಿಯುವವರ ದರ್ಜೆ. ಮೇ ರಜೆಯಲ್ಲಿ ವೃತ್ತಿಪರರ ಒಂದು ಪಂದ್ಯವನ್ನು ಪೂರ್ತಿ ಬಾಯಿಪಾಠ ಮಾಡಿಸಬೇಕು ಅಂತಿದ್ದೇನೆ. ಅವಳಿಗೆ ಹೊಡೆದಾಟ ಇಷ್ಟ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಕಡೆ ಕೂರುವುದಿಲ್ಲ. ನೀವು ಯಾವುದರಿಂದ ಶುರು ಮಾಡಿದಿರಿ? ಯಾಕೆ ಅದೇ ನೆನಪಿನಲ್ಲಿ ಉಳಿಯಿತು?

ಡೊಂಬಿವಲಿ ಸ್ಲೋ ಗಾಡಿ
ಕಿವಿ ಕೆಂಪಾದ ಆಟ. ಬೇರೆ ಮಾತೇ ಇಲ್ಲ. 1846, ಜಪಾನಿನ ಆಟಗಾರರು, ಶುಸಾಕು ಕಪ್ಪು, ಗೆನ್ನಾನ್ ಇನ್ಸೆಕಿ ಬಿಳಿ.

ನಾನು ಕಲಿತದ್ದು ಲೋಕಲ್‌ನಲ್ಲಿ ನಿಂತುಕೊಂಡು. 325 ನಡೆ. ಹಾಳೆಗೆ 25ರಂತೆ 13 ಹಾಳೆ. ಬಣ್ಣದ ಝೆರಾಕ್ಸ್ ಹತ್ತು ರೂಪಾಯಿಯಂತೆ 130 ಆಯಿತು. ಜುಲೈ ಮಳೆಗೆ ಅಷ್ಟೂ ನೆನೆದು ಮುದ್ದೆಯಾಯಿತು. ಮತ್ತೆ 130, ಈ ಸಲ ಲ್ಯಾಮಿನೇಶನ್‌ಗೆ 260 ಬೇರೆ. ಒಟ್ಟು 520 ರೂಪಾಯಿ, ಎಂಟು ತಿಂಗಳು. 200 ದಾಟಿದ ಮೇಲೆ ಎಲ್ಲ ಕಲಸುಮೇಲೋಗರ. ಮೂರು ಸಲ ಮೊದಲಿಂದ ಶುರು ಮಾಡಿದೆ.

ಒಂದು ದಿನ ಹಳಿ ಮೇಲೆ ನೀರು ತುಂಬಿ ಕುರ್ಲಾ ಹತ್ತಿರ ಗಾಡಿ ಎರಡೂವರೆ ಗಂಟೆ ನಿಂತಿತು. ಅವತ್ತು ಕೈಯಲ್ಲಿದ್ದದ್ದು ಆರನೇ ಹಾಳೆ, ಅಂದರೆ 127ನೇ ನಡೆ. ಶುಸಾಕು ಮೂಲೆಯಲ್ಲಿ ತೈಶಾ ಎಂಬ ತೊಡಕಿನ ಆರಂಭದ ನಡೆಗಳಲ್ಲೇ ಪೆಟ್ಟು ತಿಂದಿದ್ದ. ಕೆಳಗೆ ನಾಲ್ಕು ಕಪ್ಪು ಕಲ್ಲು ಬಡಕಲಾಗಿ ನಿಂತಿದ್ದವು. ಆಗ ನಡುಬೋರ್ಡಿನಲ್ಲಿ ಒಂದು ಕಲ್ಲು ಇಟ್ಟ. ಅದು ಕೆಳಗಿನವಕ್ಕೆ ಆಸರೆ, ಮೇಲಿನದಕ್ಕೆ ವಿಸ್ತಾರ, ಬಲಗಡೆ ಬಿಳಿಯ ಬಲಕ್ಕೆ ಕತ್ತರಿ, ಎಡಗಡೆಯ ಮೇಲೂ ಕಣ್ಣು. ನೋಡುತ್ತಿದ್ದ ವೈದ್ಯರೊಬ್ಬರು ಗೆನ್ನಾನ್ ಸೋಲುತ್ತಾನೆ ಅಂದರಂತೆ. ಅವರಿಗೆ ಆಟ ಅಷ್ಟಾಗಿ ಗೊತ್ತಿರಲಿಲ್ಲ. ಗೆನ್ನಾನ್‌ನ ಕಿವಿ ಕೆಂಪಾದದ್ದು ಕಂಡಿತ್ತು, ಅಷ್ಟೇ. ಆ ನಿಂತ ಗಾಡಿಯಲ್ಲಿ ನನ್ನ ಕಿವಿಯೂ ಬಿಸಿಯಾಯಿತು.

ಕೋಥ್ರೂಡ್ ಅಕ್ಕ
ಮಕ್ಕಳಿಗೆ 325 ನಡೆಯಾ? 180 ನಡೆಯ ಆಟ ಇದೆ. 2016 ಮಾರ್ಚ್ 13, ಸಿಯೋಲ್, ಕೊರಿಯಾದ ಲೀ ಸೆಡಾಲ್ ಮತ್ತು ಗೋ ಆಡುವ ಕಂಪ್ಯೂಟರ್ ಆಲ್ಫಾಗೋ ನಡುವಿನ ನಾಲ್ಕನೇ ಆಟ.

ಆ ವಾರ ನಾನು ಕಳೆದುಕೊಂಡದ್ದನ್ನು ಹೇಳುತ್ತೇನೆ. ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಆಟ ಶುರು. ಬುಧವಾರ, ಗುರುವಾರ ರಜೆ ಕೊಡಲಿಲ್ಲ. ಹೋಗಲಿಲ್ಲ. ಎರಡು ದಿನದ ಸಂಬಳ 3,400 ಕಟ್ಟಾಯಿತು. ಡಾಂಗಲ್‌ಗೆ ಮೂರು ಸಲ ರೀಚಾರ್ಜ್, 750. ಎರಡನೇ ಆಟದ 37ನೇ ನಡೆಯ ಹೊತ್ತಿಗೆ ಕರೆಂಟ್ ಹೋಯಿತು. ಐದನೇ ಸಾಲಿನಲ್ಲಿ ಯಂತ್ರ ಲೀಯ ಕಲ್ಲಿನ ಹೆಗಲ ಮೇಲೆ, ಓರೆಯಾಗಿ, ಇಟ್ಟ ಆ ಕಲ್ಲನ್ನು ನಾನು ನೋಡಿದ್ದು ಮಧ್ಯಾಹ್ನ. ಆ ನೋವು ಇವತ್ತಿಗೂ ಇದೆ.

ಶನಿವಾರ ಲೀ 0-3ರಿಂದ ಹಿಂದೆ. ಐದು ಆಟದ ಪಂದ್ಯಮಾಲೆ ಸೋತೇ ಹೋಯಿತು. ಮನೆಯಲ್ಲಿ ಇನ್ನು ಸಾಕು ಅಂದರು. ಭಾನುವಾರ ಕೂತೇ ಕೂತೆ. ಲೀಯ 78ನೇ ನಡೆ, ಎರಡು ಕಪ್ಪು ಕಲ್ಲಿನ ನಡುವೆ ಬೆಣೆ ಹೊಡೆದ ಹಾಗೆ. 79ರಲ್ಲಿ ಯಂತ್ರಕ್ಕೆ ತನ್ನ ಗೆಲುವು ಶೇ. 70 ಅಂತ ಅನಿಸಿತ್ತು. ಎಡವಟ್ಟು ಆದದ್ದು ತಿಳಿದದ್ದು 87ಕ್ಕೆ. ಲೀ ಗೆದ್ದ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಡೊಂಬಿವಲಿ ಸ್ಲೋ ಗಾಡಿ
ಅಕ್ಕಾ, 78ಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದರೆ ಅದು ನಡೆಯುತ್ತಿರಲಿಲ್ಲ. ಆಮೇಲೆ ಲೆಕ್ಕ ಹಾಕಿದವರೇ ಹೇಳಿದ್ದಾರೆ.

ಕೋಥ್ರೂಡ್ ಅಕ್ಕ
ಉತ್ತರ ಕೊಡಲಿಲ್ಲ ಅಲ್ವಾ? ಹಾಗೆ ನೋಡಿದರೆ ನಿಮ್ಮ ಶುಸಾಕು ಗೆದ್ದದ್ದು ಎರಡೇ ಅಂಕದಿಂದ. ಈಗಿನ ಕೊಮಿ (ಎರಡನೆಯವರಾಗಿ ಆಡುವ ಬಿಳಿಗೆ ಕೊಡುವ ಹೆಚ್ಚುವರಿ ಅಂಕ) ಹಾಕಿದರೆ ಸೋತ.

ಡೊಂಬಿವಲಿ ಸ್ಲೋ ಗಾಡಿ
ಕೊಮಿ ಇದ್ದಿದ್ದರೆ ಅವನು ಆಡುವ ರೀತಿಯೇ ಬೇರೆ ಇರುತ್ತಿತ್ತು! ಎರಡು ಅಂಕ ಮುಂದಿದ್ದವನು ಯಾಕೆ ಅಪಾಯ ಮೈಮೇಲೆ ಎಳೆದುಕೊಳ್ಳಬೇಕು? 1846ರ ಆಟಕ್ಕೆ 2016ರ ಏಳೂವರೆ ಹಾಕುವುದು ಅನ್ಯಾಯ. ಎಂಟು ತಿಂಗಳು ಕಲಿತವನಿಗೆ ಇದನ್ನು ಹೇಳಬೇಡಿ.

ವಾಸ್ಕೋ ಬಂದರು
ಇಬ್ಬರೂ ಸ್ವಲ್ಪ ತಡೆಯಿರಿ. 1945 ಆಗಸ್ಟ್ 6, ಜಪಾನಿನ ಹೊನಿನ್ಬೊ ಬಿರುದಿನ ಪಂದ್ಯದ ಎರಡನೇ ಆಟ, ಮೂರನೇ ದಿನ. ಹಾಶಿಮೊಟೊ ಉತಾರೊ ಬಿಳಿ, ಇವಾಮೊಟೊ ಕಾವೊರು ಕಪ್ಪು. ಮೊದಲ ಆಟ ಹಿರೋಷಿಮಾ ಊರೊಳಗೇ ನಡೆದಿತ್ತು. ಎರಡನೆಯದನ್ನು ಊರಾಚೆಯ ಇತ್ಸುಕಾಯಿಚಿಗೆ ಸಾಗಿಸಿದ್ದರಿಂದ ಇಬ್ಬರೂ ಬದುಕಿದರು. ಬಾಂಬಿನ ಹೊಡೆತಕ್ಕೆ ಕಿಟಕಿ ಒಡೆಯಿತು, ಕಲ್ಲು ಚೆಲ್ಲಾಪಿಲ್ಲಿ. ಕೋಣೆ ಗುಡಿಸಿ, ಕಲ್ಲು ಮತ್ತೆ ಜೋಡಿಸಿ ಆಟ ಮುಗಿಸಿದರು. ಬಿಳಿಗೆ ಐದು ಅಂಕದ ಗೆಲುವು, ಕೊಮಿ ಇಲ್ಲದೆ.

ನಾನು ಕಲ್ಲು ತರಿಸಿದ್ದು ಹೊರದೇಶದಿಂದ. ಕಲ್ಲಿಗೆ 6,800, ಸಾಗಣೆ 2,900, ಸುಂಕ 3,870. ಬಿಡಿಸಿಕೊಳ್ಳಲು ಮೂರು ಸಲ ಓಡಾಟ. ಪೆಟ್ಟಿಗೆ ತೆರೆದರೆ ಬಿಳಿಯಲ್ಲಿ 14 ಒಡೆದಿದ್ದವು. ದುಡ್ಡು ವಾಪಸ್ ಬರಲಿಲ್ಲ. ಚೂರು ಆರಿಸುತ್ತಾ ನೆಲದ ಮೇಲೆ ಕೂತಿದ್ದೆ. ಆಗ ಈ ಆಟ ನೆನಪಾಯಿತು. ಉಳಿದ 166 ಬಿಳಿ ಕಲ್ಲಿನಲ್ಲಿ ಅವತ್ತೇ ರಾತ್ರಿ ಅದನ್ನು ಇಟ್ಟು ನೋಡಿದೆ.

ಕೋಥ್ರೂಡ್ ಅಕ್ಕ
ಮನಸ್ಸು ಕಲಕುತ್ತದೆ, ನಿಜ. ಆದರೆ ಅದರಲ್ಲಿ ನಿಮಗೆ ಯಾವ ನಡೆ ನೆನಪಿದೆ ಸಾರ್? ಆಟವೋ, ಸುತ್ತಲಿನ ಕಥೆಯೋ?

ವಾಸ್ಕೋ ಬಂದರು
ಈ ಪ್ರಶ್ನೆಗೆ ನನಗೆ ಸಿಟ್ಟು ಬರುತ್ತದೆ. ಕಲ್ಲು ಎಲ್ಲಿತ್ತೋ ಅಲ್ಲೇ ಮತ್ತೆ ಇಟ್ಟರಲ್ಲ, ಅದು ಆಟ ಅಲ್ಲವಾ? ನೀವು ಅಡುಗೆಮನೆಯಲ್ಲಿ ಅತ್ತದ್ದು ಬೆಣೆಗೋ, ಮೂರು ಆಟ ಸೋತ ಮನುಷ್ಯನಿಗೋ?

ಮಾಟುಂಗಾ ಮೇಷ್ಟ್ರು
2003, ಲೀ ಸೆಡಾಲ್ ಮತ್ತು ಹೊಂಗ್ ಚಾಂಗ್-ಸಿಕ್. ಕೆಲಸ ಮಾಡದ ಲ್ಯಾಡರ್ (ಓಡುವ ಕಲ್ಲನ್ನು ಮೆಟ್ಟಿಲಿನ ಹಾಗೆ ಅಟ್ಟಿಸಿಕೊಂಡು ಹೋಗುವ ನಡೆಗಳ ಸಾಲು) ಅನ್ನು ಲೀ ಬೇಕಂತಲೇ ಬೋರ್ಡಿನ ಆ ತುದಿಗೆ ಓಡಿಸಿ, ಅಲ್ಲಿ ದೊಡ್ಡ ಗುಂಪನ್ನೇ ಹಿಡಿದ. ಬರೀ ಹೊಡೆದಾಟ. ಹುಡುಗಿಗೆ ಕೊಡಿ.

ಡೊಂಬಿವಲಿ ಸ್ಲೋ ಗಾಡಿ
ಲ್ಯಾಡರ್ ಓಡಿಸುವುದನ್ನು ಮಕ್ಕಳಿಗೆ ಮೊದಲೇ ತೋರಿಸಿದರೆ ಕೆಟ್ಟ ಚಾಳಿ ಬೀಳುತ್ತದೆ ಮೇಷ್ಟ್ರೇ. ನನ್ನ ಅಣ್ಣನ ಮಗ ಎರಡು ವರ್ಷ ಅದನ್ನೇ ಮಾಡಿ ಸೋತ.

ವಾಸ್ಕೋ ಬಂದರು
ಹಾಗೇ ಬೋರ್ಡಿನ ಮಾತು. ಕರಾವಳಿಯವರು ಮರದ್ದು ಕೊಳ್ಳಬೇಡಿ. ಒಂದೇ ಮಳೆಗಾಲಕ್ಕೆ ನನ್ನದು ಬಾಗಿತು. 5,200 ಹೋಯಿತು.

ಕೋಥ್ರೂಡ್ ಅಕ್ಕ
ಪುಣೆಯಲ್ಲಿ ಏನೂ ಆಗಿಲ್ಲ. ನೀವು ಎಣ್ಣೆ ಹಚ್ಚಿರಬೇಕು.

ವಾಸ್ಕೋ ಬಂದರು
ಹಚ್ಚಿಲ್ಲ.

ಥಾಣೆಯ ಅಮ್ಮ
ಮೇಷ್ಟ್ರೇ, ಆ 2003ರ ಆಟ ಒಟ್ಟು ಎಷ್ಟು ನಡೆ? ಇಪ್ಪತ್ತು ನಿಮಿಷದ ಎಷ್ಟು ಪಾಲು ಮಾಡಲಿ?

ಡೊಂಬಿವಲಿ ಸ್ಲೋ ಗಾಡಿ
ಮೇಡಂ, ನನ್ನ ಹತ್ತಿರ ಲ್ಯಾಮಿನೇಟ್ ಮಾಡಿದ 13 ಹಾಳೆ ಹಾಗೇ ಇದೆ. ಥಾಣೆ ಸ್ಟೇಷನ್ನಿನಲ್ಲಿ ತಂದು ಕೊಡುತ್ತೇನೆ.