ಪದಚರ್ಚೆ: ಕಳೆಯುವ ಲೆಕ್ಕದಲ್ಲಿ ‘ಸಾಲ’ ಎನ್ನಬೇಕೆ, ‘ಮುರಿ’ ಎನ್ನಬಹುದೆ?

ಕಳೆಯುವ ಲೆಕ್ಕದಲ್ಲಿ ಮೇಲಿನ ಅಂಕಿ ಚಿಕ್ಕದಾಗಿ ಕೆಳಗಿನದು ದೊಡ್ಡದಾದಾಗ ಎಡಗಡೆಯ ಸ್ಥಾನದಲ್ಲಿ ಒಂದನ್ನು ಕಡಿಮೆ ಮಾಡಿ, ಅದನ್ನು ಈ ಸ್ಥಾನದಲ್ಲಿ ಹತ್ತೆಂದು ಸೇರಿಸಿಕೊಳ್ಳುತ್ತೇವೆ. ಈ ಕ್ರಮಕ್ಕೆ ನಮ್ಮ ಬೇಲೂರು, ಸಕಲೇಶಪುರದ ಕಡೆಯ ತರಗತಿಗಳಲ್ಲಿ ಬಳಕೆಯಲ್ಲಿರುವ ಮಾತು ‘ಸಾಲ ತೆಗೆದುಕೊಳ್ಳುವುದು’. ಕೆಲವರು ‘ಕಡ ತರುವುದು’ ಎಂದೂ ಹೇಳುತ್ತಾರೆ. ನಾಲ್ಕನೆಯ ತರಗತಿಗೆಂದು ಕೂಡುವ ಮತ್ತು ಕಳೆಯುವ ಲೆಕ್ಕಗಳ ಅಭ್ಯಾಸದ ಹಾಳೆಗಳನ್ನು ಬರೆಯುತ್ತಿರುವ ನನಗೆ ಈ ಪದವನ್ನು ಉಳಿಸಿಕೊಳ್ಳಬೇಕೆ, ಬಿಡಬೇಕೆ ಎಂಬ ಪ್ರಶ್ನೆ ಎದುರಾಗಿದೆ. ಬಿಡಬೇಕೆಂಬ ಕಡೆಗೇ ನನ್ನ ಮನಸ್ಸು ವಾಲಿದೆಯಾದರೂ ಅದರ ಜಾಗದಲ್ಲಿ ಏನನ್ನು ಇಡುವುದೆಂಬುದರಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ.

402ರಲ್ಲಿ 137 ಕಳೆಯುವ ಲೆಕ್ಕವನ್ನು ತೆಗೆದುಕೊಳ್ಳೋಣ. ಎರಡರಲ್ಲಿ ಏಳು ಹೋಗುವುದಿಲ್ಲ. ‘ಪಕ್ಕದ ಮನೆಗೆ ಹೋಗಿ ಒಂದು ಸಾಲ ತಗೊಂಡು ಬಾ’ ಎನ್ನುತ್ತಾರೆ ಮೇಷ್ಟ್ರು. ಪಕ್ಕದ ಮನೆಯಲ್ಲಿ ಸೊನ್ನೆ. ‘ಅಲ್ಲೂ ಏನೂ ಇಲ್ಲ, ಅದರಾಚೆ ಮನೆಗೆ ಹೋಗು’ ಎಂದಾಗ ಮಗು ನಾಲ್ಕನ್ನು ಮೂರು ಮಾಡಿ, ತಂದ ಒಂದನ್ನು ನೇರವಾಗಿ ಬಿಡಿ ಸ್ಥಾನಕ್ಕೆ ತಂದಿಟ್ಟು ಹನ್ನೆರಡು ಎಂದು ಬರೆಯುತ್ತದೆ. ನಡುವಿನ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ನೂರು ಮೊದಲು ಹತ್ತು ಹತ್ತುಗಳಾಗಿ, ಅವುಗಳಲ್ಲಿ ಒಂದು ಹತ್ತು ಬಿಡಿಗಳಾಗಿ, ನಡುವೆ ಒಂಬತ್ತು ಹತ್ತುಗಳು ಉಳಿಯುತ್ತವೆಂಬ ಮುಖ್ಯ ಸಂಗತಿ ‘ಸಾಲ’ ಎಂಬ ಮಾತಿನಲ್ಲಿ ಎಲ್ಲಿಯೂ ಇಲ್ಲ. ತಂದದ್ದು ಒಂದು, ಕೈಗೆ ಬಂದದ್ದು ಹತ್ತು ಎಂಬುದಕ್ಕೂ ಆ ಮಾತಿನಲ್ಲಿ ವಿವರಣೆಯಿಲ್ಲ. ತಂದ ಸಾಲವನ್ನು ಯಾವಾಗ ತೀರಿಸುವುದೆಂದು ಮಗು ಕೇಳಿದರೆ ಈ ಕ್ರಮದಲ್ಲಿ ಉತ್ತರವೇ ಇಲ್ಲ. ಕೆಲವು ಮಕ್ಕಳು ಈ ಗೊಡವೆಯೇ ಬೇಡವೆಂದು ಏಳರಲ್ಲಿ ಎರಡು, ಮೂರರಲ್ಲಿ ಸೊನ್ನೆ, ನಾಲ್ಕರಲ್ಲಿ ಒಂದು ಎಂದು ಕಳೆದು 335 ಎಂದು ಬರೆಯುವುದನ್ನೂ ಪ್ರಾಥಮಿಕ ತರಗತಿಗೆ ಪಾಠ ಮಾಡಿದವರೆಲ್ಲ ಕಂಡಿರುತ್ತಾರೆ. ಸರಿಯಾದ ಉತ್ತರ 265.

ಹಾಗಾದರೆ ‘ಸಾಲ’ ಎಂಬ ಮಾತು ಸುಮ್ಮನೆ ಹುಟ್ಟಿಕೊಂಡಿತೇ ಎಂದರೆ, ಇಲ್ಲವೆಂದು ತೋರುತ್ತದೆ. ನಮ್ಮ ಕಡೆಯ ಹಳೆಯ ತಲೆಮಾರಿನ ಅಂಗಡಿಯವರಲ್ಲಿ, ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರುಗಳಲ್ಲಿ ಕೆಲವರು ಇದೇ ಲೆಕ್ಕವನ್ನು ಬೇರೆ ರೀತಿಯಲ್ಲಿ ಮಾಡುತ್ತಾರೆ. ‘ಎರಡರಲ್ಲಿ ಏಳು ಹೋಗಲ್ಲ, ಹನ್ನೆರಡರಲ್ಲಿ ಏಳು ಹೋದರೆ ಐದು, ಕೊಡೋದು ಒಂದು, ಮೂರೂ ಒಂದು ನಾಲ್ಕು, ಹತ್ತರಲ್ಲಿ ನಾಲ್ಕು ಹೋದರೆ ಆರು, ಕೊಡೋದು ಒಂದು, ಒಂದೂ ಒಂದು ಎರಡು, ನಾಲ್ಕರಲ್ಲಿ ಎರಡು ಹೋದರೆ ಎರಡು.’ ಇಲ್ಲಿ ಮೇಲಿನ ಸಂಖ್ಯೆಯ ಯಾವ ಅಂಕಿಯನ್ನೂ ಹೊಡೆದು ತಿದ್ದುವುದಿಲ್ಲ. ಮೇಲೆ ಹತ್ತನ್ನು ಪಡೆದಾಗಲೆಲ್ಲ ಕೆಳಗಿನ ಸಾಲಿನ ಮುಂದಿನ ಅಂಕಿಗೆ ಒಂದನ್ನು ಕೂಡಿಸುತ್ತಾರೆ. ಮೇಲಿನ ಸಂಖ್ಯೆಗೆ ಹತ್ತು ಬಿಡಿಗಳೂ ಹತ್ತು ಹತ್ತುಗಳೂ ಸೇರಿ ಒಟ್ಟು 110 ಹೆಚ್ಚಾಗುತ್ತದೆ, ಕೆಳಗಿನ ಸಂಖ್ಯೆಗೆ ಒಂದು ಹತ್ತೂ ಒಂದು ನೂರೂ ಸೇರಿ ಅಷ್ಟೇ 110 ಹೆಚ್ಚಾಗುತ್ತದೆ. ಎರಡಕ್ಕೂ ಒಂದೇ ಮೊತ್ತವನ್ನು ಕೂಡಿದರೆ ಅಂತರ ಬದಲಾಗುವುದಿಲ್ಲವಾದ್ದರಿಂದ 512ರಲ್ಲಿ 247 ಕಳೆದರೂ 265 ಬರುತ್ತದೆ. ಈ ಕ್ರಮದಲ್ಲಿ ಸಾಲ ತರುವುದೂ ಇದೆ, ಮರುಕ್ಷಣವೇ ತೀರಿಸುವುದೂ ಇದೆ. ಇಂಗ್ಲಿಷ್ ಶಾಲೆಗಳಲ್ಲಿಯೂ ಈ ವಿಧಾನಕ್ಕೆ ತರುವುದು, ತೀರಿಸುವುದು ಎಂಬ ಜೋಡಿ ಮಾತೇ ಇತ್ತು. ವಿಧಾನ ಹೋಯಿತು, ತೀರಿಸುವುದೂ ಹೋಯಿತು, ತರುವುದು ಮಾತ್ರ ಉಳಿಯಿತು. ಅವರು ಈಚೆಗೆ ಅದನ್ನೂ ಬಿಟ್ಟು ‘ರೀಗ್ರೂಪಿಂಗ್’ ಎನ್ನುತ್ತಿದ್ದಾರೆ. ಅದನ್ನು ‘ಪುನರ್ಗುಂಪುಗೂಡಿಸುವಿಕೆ’ ಎಂದು ಕನ್ನಡಕ್ಕೆ ಎಳೆದು ತರುವುದಾದರೆ ಸಾಲವೇ ವಾಸಿ.

ಹಳೆಯ ಗ್ರಂಥಗಳಲ್ಲಿ ಈ ಸಾಲದ ಸುಳಿವಿದೆಯೇ ಎಂದು ನೋಡಿದರೆ, 1150ರ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಸಂಕಲಿತ ಮತ್ತು ವ್ಯವಕಲಿತಗಳಿಗೆ, ಅಂದರೆ ಕೂಡುವುದಕ್ಕೂ ಕಳೆಯುವುದಕ್ಕೂ, ಇರುವುದು ಅರ್ಧ ಶ್ಲೋಕದ ಸೂತ್ರ: ಅಂಕಿಗಳನ್ನು ಆಯಾ ಸ್ಥಾನಕ್ಕೆ ತಕ್ಕಂತೆ, ಕ್ರಮದಿಂದಲಾಗಲಿ ಅದರ ವಿರುದ್ಧ ಕ್ರಮದಿಂದಲಾಗಲಿ ಕೂಡಬೇಕು ಅಥವಾ ಕಳೆಯಬೇಕು ಎಂಬುದಷ್ಟೇ. ಅದರ ಉದಾಹರಣೆಯಲ್ಲಿ 2, 5, 32, 193, 18, 10, 100 ಇವುಗಳನ್ನು ಕೂಡಿ, ಬಂದ 360ನ್ನು ಹತ್ತು ಸಾವಿರದಲ್ಲಿ ಕಳೆಯಲು ಹೇಳಲಾಗಿದೆ. ಸೊನ್ನೆಗಳ ಸಾಲನ್ನೇ ದಾಟಬೇಕಾದ ಲೆಕ್ಕವಿದಾದರೂ, ಸೂತ್ರದಲ್ಲಿಯಾಗಲಿ ಉದಾಹರಣೆಯಲ್ಲಿಯಾಗಲಿ ಸಾಲದ ಮಾತಿಲ್ಲ. ಪರಿಭಾಷೆ ಕಾಲಕ್ಕೆ ತಕ್ಕಂತೆ ಬದಲಾಗಿದೆ ಎಂಬುದಕ್ಕೂ ನಿದರ್ಶನವಿದೆ: 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತದಲ್ಲಿ ‘ಸಂಕಲಿತ’ವೆಂದರೆ ಶ್ರೇಢಿಯ ಪದಗಳ ಮೊತ್ತ, ಸಾಮಾನ್ಯವಾಗಿ ಕೂಡುವುದು, ಕಳೆಯುವುದು ಓದುಗನಿಗೆ ಗೊತ್ತಿದೆಯೆಂದೇ ಅವನು ಗುಣಾಕಾರದಿಂದ ಆರಂಭಿಸುತ್ತಾನೆ.

ಗಣಿತದಲ್ಲಿ ನಿಜವಾದ ಸಾಲಕ್ಕೆ ಬೇರೊಂದು ಸ್ಥಾನವೂ ಇದೆ. 628ರಲ್ಲಿಯೇ ಬ್ರಹ್ಮಗುಪ್ತ ಸೊನ್ನೆಗಿಂತ ಹೆಚ್ಚಿನ ಸಂಖ್ಯೆಗೆ ‘ಧನ’ವೆಂದೂ ಕಡಿಮೆಯ ಸಂಖ್ಯೆಗೆ ‘ಋಣ’ವೆಂದೂ ಹೇಳಿ, ಅವುಗಳನ್ನು ಕೂಡುವ ಕಳೆಯುವ ನಿಯಮಗಳನ್ನು ಕೊಟ್ಟಿದ್ದಾನೆ. ನಮ್ಮ ಮಕ್ಕಳು ಮುಂದಿನ ತರಗತಿಗಳಲ್ಲಿ ಋಣ ಸಂಖ್ಯೆಗಳನ್ನು ಕಲಿಯುವಾಗ ‘ಎರಡು ರೂಪಾಯಿ ಇದ್ದವನು ಏಳು ಕೊಡಬೇಕಾದರೆ ಐದು ರೂಪಾಯಿ ಸಾಲಗಾರ’ ಎಂದು ವಿವರಿಸುವುದೇ ಸುಲಭ. ಅಲ್ಲಿ ಎರಡರಲ್ಲಿ ಏಳು ಹೋಗುತ್ತದೆ. ನಾಲ್ಕನೆಯ ತರಗತಿಯಲ್ಲಿಯೇ ಎರಡರಲ್ಲಿ ಏಳು ಹೋಗದ್ದಕ್ಕೆ ಸಾಲ ಎಂದು ಹೇಳಿಟ್ಟರೆ ಒಂದೇ ಪದಕ್ಕೆ ಎರಡು ಅರ್ಥಗಳಾಗಿ, ಎರಡನೆಯ ಅರ್ಥ ಬರುವಾಗ ಮೊದಲನೆಯದು ಅಡ್ಡ ಬರುತ್ತದೆ. ‘ಸಾಲ’ವನ್ನು ಬಿಡಬೇಕೆನ್ನಲು ನನಗಿರುವ ಮುಖ್ಯ ಕಾರಣ ಇದೇ.

ಬದಲಿಗೆ ನನ್ನ ಮುಂದಿರುವ ಪದಗಳು ಮೂರು. ‘ಬಿಡಿಸು’ ಎಂಬುದು ಅರ್ಥದಲ್ಲಿ ಬಹಳ ಸೊಗಸು, ಏಕೆಂದರೆ ಹತ್ತನ್ನು ಬಿಡಿಸಿದರೆ ಬಿಡಿಗಳೇ ಬರುತ್ತವೆ, ಸ್ಥಾನದ ಹೆಸರೂ ಕ್ರಿಯೆಯ ಹೆಸರೂ ಒಂದೇ ಬೇರಿನವಾಗುತ್ತವೆ. ತೊಂದರೆಯೆಂದರೆ ಲೆಕ್ಕವನ್ನೂ ನಾವು ಬಿಡಿಸುತ್ತೇವೆ. ‘ಹತ್ತನ್ನು ಬಿಡಿಸಿ ಲೆಕ್ಕ ಬಿಡಿಸಿರಿ’ ಎಂಬ ಸೂಚನೆ ಹಾಳೆಯಲ್ಲಿ ನಗೆಗೀಡಾಗುತ್ತದೆ. ‘ಬಿಚ್ಚು’ ಎಂಬುದು ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನು ಇಟ್ಟುಕೊಂಡು ಕಲಿಸುವಾಗ ಒಪ್ಪುತ್ತದೆ, ಕೂಡುವಾಗ ಕಟ್ಟು, ಕಳೆಯುವಾಗ ಬಿಚ್ಚು ಎಂಬ ಜೋಡಿಯೂ ಸಿಗುತ್ತದೆ. ಆದರೆ ಕಡ್ಡಿಗಳನ್ನು ಬದಿಗಿಟ್ಟು ಬರಿಯ ಅಂಕಿಗಳಿಗೆ ಬಂದಾಗ ಬಿಚ್ಚಲು ಏನೂ ಇರುವುದಿಲ್ಲ.

ಮೂರನೆಯದು ‘ಮುರಿ’ ಅಥವಾ ‘ಮುರಿಸು’. ನೋಟು ಮುರಿಸುವುದು ಸಂತೆಗೆ ಹೋದ ಪ್ರತಿಯೊಂದು ಮಗುವಿಗೂ ಗೊತ್ತಿರುವ ಕೆಲಸ. ನೂರರ ನಾಲ್ಕು ನೋಟು, ಒಂದರ ಎರಡು ನಾಣ್ಯ ಇರುವವನು 137 ರೂಪಾಯಿ ಕೊಡಬೇಕಾದರೆ ನೂರರ ಒಂದು ನೋಟನ್ನು ಮುರಿಸಿ ಹತ್ತರ ಹತ್ತು ನೋಟು ಪಡೆಯುತ್ತಾನೆ, ಅವುಗಳಲ್ಲಿ ಒಂದನ್ನು ಮುರಿಸಿ ಒಂದರ ಹತ್ತು ನಾಣ್ಯ ಪಡೆಯುತ್ತಾನೆ; ಕೈಯಲ್ಲಿ ಮೂರು, ಒಂಬತ್ತು, ಹನ್ನೆರಡು ಉಳಿಯುತ್ತವೆ, ಮಗು ಅಂಕಿಗಳ ನೆತ್ತಿಯ ಮೇಲೆ ಬರೆಯಬೇಕಾದವೂ ಅವೇ. ಮುರಿಸುವ ಮೊದಲೂ ಆಮೇಲೂ ಹಣ 402 ರೂಪಾಯಿಯೇ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಈ ಪದಕ್ಕೂ ನಮ್ಮ ತೋಟದ ಸೀಮೆಯಲ್ಲಿ ಒಂದು ತೊಡಕಿದೆ. ಬಟವಾಡೆಯ ದಿನ ‘ಅಡ್ವಾನ್ಸ್ ಮುರಿದುಕೊಂಡು ಉಳಿದದ್ದು ಕೊಟ್ಟರು’ ಎನ್ನುವಾಗ ‘ಮುರಿದುಕೊಳ್ಳು’ ಎಂದರೆ ಕಳೆದುಕೊಂಡು ಕೊಡುವುದು, ಅಂದರೆ ವಜಾ ಮಾಡುವುದು. ಮುರಿಸುವುದರಲ್ಲಿ ಮೊತ್ತ ಬದಲಾಗುವುದಿಲ್ಲ, ಮುರಿದುಕೊಳ್ಳುವುದರಲ್ಲಿ ಬದಲಾಗುತ್ತದೆ. ಎರಡು ರೂಪಗಳನ್ನೂ ಮಕ್ಕಳು ಮನೆಯಲ್ಲಿ ಬೇರೆ ಬೇರೆಯಾಗಿಯೇ ಕೇಳಿರುತ್ತಾರಾದ್ದರಿಂದ ಗೊಂದಲವಾಗದೆಂಬುದು ನನ್ನ ಎಣಿಕೆ. ‘ಮುರಿಸು’ ಎಂಬ ರೂಪವನ್ನೇ ಹಾಳೆಯಲ್ಲಿ ಬಳಸಲು ಯೋಚಿಸಿದ್ದೇನೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆ ‘ದಶಕ’ದ್ದು. ಕೂಡುವಾಗ ‘ಏಳೂ ಎಂಟೂ ಹದಿನೈದು, ಐದು ಬರೆದು ದಶಕ ಒಂದು’ ಎನ್ನುತ್ತೇವೆ. ಪಠ್ಯಗಳಲ್ಲಿಯೂ ದಶಕ ರಹಿತ ಸಂಕಲನ, ದಶಕ ಸಹಿತ ಸಂಕಲನ ಎಂಬ ವಿಭಾಗವಿದೆ. ಬಿಡಿಯಿಂದ ಹತ್ತಕ್ಕೆ ಹೋಗುವಾಗ ಅದು ದಶಕವೇ ಸರಿ. ಹತ್ತರ ಸ್ಥಾನದಿಂದ ನೂರಕ್ಕೆ ಹೋಗುವುದು ನೂರು. ಅದನ್ನೂ ದಶಕವೆಂದೇ ಹೇಳುವುದು ರೂಢಿಯಾಗಿದೆ. ‘ಕೈಯಲ್ಲಿ ಒಂದು’ ಎಂಬ ಮಾತಿಗೆ ಈ ದೋಷವಿಲ್ಲ, ಯಾವ ಸ್ಥಾನಕ್ಕಾದರೂ ಸಲ್ಲುತ್ತದೆ.

ಆದ್ದರಿಂದ ಕೇಳುವುದಿಷ್ಟು. ‘ಮುರಿಸು’ ಎಂಬುದನ್ನು ಕಳೆಯುವ ಲೆಕ್ಕದಲ್ಲಿ ಈಗಾಗಲೇ ಬಳಸುತ್ತಿರುವ ಶಿಕ್ಷಕರು ಯಾರಾದರೂ ಇದ್ದಾರೆಯೇ? ಚಿಕ್ಕಮಗಳೂರಿನ ಮಲೆನಾಡಿನ ಕಡೆ, ಉತ್ತರ ಕರ್ನಾಟಕದ ಮತ್ತು ಕರಾವಳಿಯ ಶಾಲೆಗಳಲ್ಲಿ ‘ಸಾಲ’ದ ಬದಲು ಬೇರೆ ಮಾತೇನಾದರೂ ಇದೆಯೇ? ಕೆಳಗಿನ ಅಂಕಿಗೆ ಒಂದನ್ನು ಕೂಡಿಸುವ ಹಳೆಯ ವಿಧಾನದಲ್ಲಿ ನಮ್ಮವರು ‘ಕೊಡೋದು ಒಂದು’ ಎನ್ನುವ ಜಾಗದಲ್ಲಿ ನಿಮ್ಮ ಊರಿನ ಹಿರಿಯರು ಏನು ಹೇಳುತ್ತಾರೆಂಬುದನ್ನು, ಸಾಧ್ಯವಾದರೆ ಅವರು ಉಚ್ಚರಿಸುವ ರೀತಿಯಲ್ಲಿಯೇ, ಬರೆದು ತಿಳಿಸಿದರೆ ಉಪಕಾರವಾಗುತ್ತದೆ.