ಬೂಸ್ಟ್ (ಟರ್ಬೋ ಒತ್ತೋ ಹವಾ) ಬಂದ ಕೂಡ್ಲೆ ಗಾಡಿ ದಮ್ ಬಿಡ್ಲಾಕತ್ತದ, ಟರ್ಬೋ ಬದಲಿ ಮಾಡ್ಲೇನ್ರಿ?

ಕಲಬುರಗಿ:
ನಮಸ್ಕಾರ್ರಿ. ನಂದು 2014ರ ಡೀಸೆಲ್ ಗಾಡಿ, 1.3 ಲೀಟರ್, ವಿಜಿಟಿ ಟರ್ಬೋ (ಒಳಗಿನ ರೆಕ್ಕಿ ಆಡಿ ಬೂಸ್ಟ್ ಹೆಚ್ಚುಕಮ್ಮಿ ಮಾಡೋದು), 1,38,000 ಕಿ.ಮೀ. ಓಡ್ಯದ. ಹದಿನೈದು ದಿನ ಆತು, ಕಮಲಾಪುರ ದಾಟಿ ಹುಮನಾಬಾದ್ ಕಡಿ ಏರು ಹತ್ತಿದ್ರ ಸಾಕು, ಎಕ್ದಂ ದಮ್ ಹೋಗ್ತದ. ಊರಾಗ ಓಡ್ಸಿದ್ರ ಏನೂ ತ್ರಾಸಿಲ್ಲ. ಮೂರನೇ ಗೇರಿನಾಗ 2000 ಆರ್‌ಪಿಎಂ ತನಕ ಚೊಲೋ ಎಳೀತದ, ಅಲ್ಲಿಂದ ಪೂರಾ ಒತ್ತಿದ್ರೂ ಹಿಂದ ಕಬ್ಬಿನ ಟ್ರಾಲಿ ಕಟ್ಟಿದಂಗ ಆಗ್ತದ, ಕರಿ ಹೊಗಿ ಬಿಡ್ತದ. ಒಂದೊಂದ್ಸಲ ಚೆಕ್ ಇಂಜಿನ್ ದೀಪ ಹತ್ತಿ 60ರ ಮ್ಯಾಲ ಹೋಗಂಗೇ ಇಲ್ಲ. ಬಾಜೂಕ ನಿಂದ್ರಿಸಿ, ಚಾವಿ ತಗ್ದು ಮತ್ತ ಹಚ್ಚಿದ್ರ ಸರಿ ಆಗ್ತದ. ಮಧ್ಯಾಹ್ನದ ಬಿಸಲಾಗ ಜಾಸ್ತಿ, ಮುಂಜಾನಿ ಕಮ್ಮಿ.

ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎರಡೂ ಹೊಸಾವು ಹಾಕ್ಸೀನಿ. ಇಜಿಆರ್ (ಸುಟ್ಟ ಹೊಗಿ ಸ್ವಲ್ಪ ಮತ್ತ ಇಂಜಿನ್‌ಗಿ ಕಳಸೋ ವಾಲ್ವ್) ಬಿಚ್ಚಿ ತೊಳ್ಸೀನಿ. ಮೆಕ್ಯಾನಿಕ್ ಪೈಪ್ ಬಿಚ್ಚಿ ಒಳಗಿನ ಎಣ್ಣಿ ತೋರ್ಸಿ, ಟರ್ಬೋ ಹೋಗ್ಯದ, 38 ಸಾವಿರ ಆಗ್ತದ ಅಂದ. ತೊಗರಿ ಮಾರಿ ಬಂದ ರೊಕ್ಕ ಎಲ್ಲಾ ಇದಕ್ಕೇ ಹೋಗ್ತದೇನೋ ಅನ್ನಸ್ತದ. ಖರೇನೇ ಟರ್ಬೋನೇ ಅದೇನ್ರಿ?

ಬೀದರ್:
ತಡೀರಿ, ರೊಕ್ಕ ಕೊಡಬ್ಯಾಡ್ರಿ. ಪೈಪಿನಾಗ ತೆಳ್ಳಗ ಎಣ್ಣಿ ಇರೋದು ಎಲ್ಲಾ ಟರ್ಬೋ ಡೀಸೆಲ್‌ನಾಗೂ ಇರ್ತದ. ಇಂಜಿನ್ ಒಳಗಿನ ಆವಿ ಹೊರಗ ಬಿಡೋ ಬ್ರೀದರ್ ಪೈಪಿನಿಂದ ಬರೋದು ಅದು. ಬಟ್ಟಿ ಹಾಕಿ ಒರಸಿದ್ರ ಬಟ್ಟಿ ಕರಿ ಆಗೋವಷ್ಟು ಇದ್ರ ಚಿಂತಿಲ್ಲ. ಇಂಟರ್‌ಕೂಲರ್ (ಟರ್ಬೋದ ಬಿಸಿ ಹವಾ ತಣ್ಣಗ ಮಾಡೋದು) ಡೊಗ್ಗಿಸಿದ್ರ ಎಣ್ಣಿ ಸುರೀತದ ಅಂದ್ರ ಆ ಮಾತು ಬ್ಯಾರೆ.

ಹೊಗಿ ಕರಿ ಅದ ಅಂದ್ರಿ, ಅರ್ಧ ಉತ್ತರ ಅಲ್ಲೇ ಅದ. ಡೀಸೆಲ್ ಸಾಲದ್ದಕ್ಕ ದಮ್ ಹೋದ್ರ ಹೊಗಿ ಬರಂಗಿಲ್ಲ. ನಿಮ್ದಕ್ಕ ಡೀಸೆಲ್ ಬೀಳ್ಲಾಕತ್ತದ, ಅದನ್ನ ಸುಡ್ಲಾಕ ಹವಾ ಸಾಲವಲ್ದು. ಹಂಗಾಗಿ ಡೀಸೆಲ್ ಫಿಲ್ಟರ್‌ಗಿ ಹಾಕಿದ ರೊಕ್ಕ ನೀರಾಗ ಹೋತು ಅಂತ ತಿಳೀರಿ, ಹ್ಯಾಂಗೂ ಸರ್ವಿಸ್‌ಗಿ ಬಂದಿರ್ತದ ಬಿಡ್ರಿ.

ಒಬಿಡಿ ಡಾಂಗಲ್ (ಗಾಡಿಗಿ ಚುಚ್ಚಿ ಫೋನ್‌ನಾಗ ಇಂಜಿನ್ ಲೆಕ್ಕ ನೋಡೋದು) ಇದ್ರ ನಂಬರ್ ತಗೀರಿ. ಮೊದಲ, ಚಾವಿ ಆನ್, ಇಂಜಿನ್ ಬಂದ್ ಇದ್ದಾಗ ಮ್ಯಾಪ್ ಸೆನ್ಸರ್ (ಇಂಜಿನ್‌ಗಿ ಹೋಗೋ ಹವಾದ ಒತ್ತಡ ಅಳಿಯೋದು) ಎಷ್ಟು ತೋರಸ್ತದ? ಆಗ ಅದು ಹೊರಗಿನ ಹವಾದ ಒತ್ತಡನೇ ತೋರ್ಸಬೇಕು. ಸಮುದ್ರ ಮಟ್ಟಕ್ಕ 101 ಕಿಲೋಪಾಸ್ಕಲ್. ಕಲಬುರಗಿ ಸುಮಾರು 450 ಮೀಟರ್ ಎತ್ತರ ಅದ, ನಿಮಗ 95-96 ಬರಬೇಕು. ನಮ್ಮ ಬೀದರ್ ಇನ್ನೂ ಮ್ಯಾಲ, ನಂಗ 94ರ ಆಸುಪಾಸು ಬರ್ತದ. ನಿಮ್ಮೂರಾಗ 110, 80 ಹಿಂಗೇನರ ತೋರ್ಸಿದ್ರ ಸೆನ್ಸರ್ ಸುಳ್ಳು ಹೇಳ್ಲಾಕತ್ತದ, ಮುಂದಿನ ಲೆಕ್ಕ ಎಲ್ಲಾ ಬಂದ್. ಆಮ್ಯಾಲ ಖಾಲಿ ರಸ್ತಾದಾಗ ಮೂರನೇ ಗೇರ್ ಹಾಕಿ, 1500ರಿಂದ 3000 ತನಕ ಪೂರಾ ಒತ್ರಿ. ಇಂಜಿನ್ ಕೇಳೋ ಬೂಸ್ಟ್, ಸಿಗೋ ಬೂಸ್ಟ್, ರೈಲ್ ಪ್ರೆಶರ್ (ಡೀಸೆಲ್ ಒತ್ತಡ), ಮೂರೂ ರೆಕಾರ್ಡ್ ಮಾಡ್ರಿ. ಫೋನ್ ನೋಡ್ಲಾಕ ಬಾಜೂಕ ಒಬ್ಬರನ್ನ ಕೂಡಿಸ್ಕೋರಿ.

ಯಾದಗಿರಿ:
ವ್ಯಾಕ್ಯೂಮ್ ಪೈಪೂ ಒಂದ್ಸಲ ನೋಡ್ರಿ ಅಣ್ಣಾರ. ನಂದು ಇಲಿ ಕಡದಿತ್ತು. ಗಾಡಿ ನಿಂದ್ರಸೋ ಜಾಗದ ಬಾಜೂಕೇ ಶೇಂಗಾ ಚೀಲ ಇಟ್ಟಿದ್ದಿವಿ, ನಮ್ದೇ ತಪ್ಪು. ಇಂಜಿನ್ ಚಾಲೂ ಮಾಡಿದ ಕೂಡ್ಲೆ ವ್ಯಾಕ್ಯೂಮ್‌ಲೇ ಟರ್ಬೋ ರೆಕ್ಕಿ ಆಡಸೋ ಆಕ್ಚುಯೇಟರ್ ಸಳಿ ಒಳಗ ಜಗ್ಗಬೇಕು, ಬಂದ್ ಮಾಡಿದ್ರ ಮತ್ತ ಹೊರಗ ಬರಬೇಕು. ಒಬ್ಬರು ಚಾವಿ ತಿರವ್ರಿ, ಒಬ್ಬರು ಟಾರ್ಚ್ ಹಿಡೀರಿ.

ಕಲಬುರಗಿ:
ಎಲ್ಲಾ ನೋಡ್ದೆ. ಸಳಿ ಸರಿ ಆಡ್ತದ, ಎಲ್ಲೂ ಸಿಕ್ಕೊಳ್ಳಂಗಿಲ್ಲ. ಚಾವಿ ಆನ್ ಮಾಡಿದ್ರ ಮ್ಯಾಪ್ 95. ಕೋಡ್ ಪಿ0299 (ಬೂಸ್ಟ್ ಕಮ್ಮಿ) ಒಂದೇ. ಮೂರನೇ ಗೇರಿನಾಗ 1800ಕ್ಕ 140, 2200ಕ್ಕ 165, ಅಲ್ಲಿಂದ ಏರೋದು ಬಿಟ್ಟು 150ಕ್ಕ ಇಳೀತು. ಇಂಜಿನ್ ಕೇಳಿದ್ದು 220. ರೈಲ್ ಪ್ರೆಶರ್ ಕೇಳಿದ್ದೂ ಸಿಕ್ಕಿದ್ದೂ ಜೋಡಿಲೇ ಹೊಂಟಾವ. ಕಿಡಕಿ ಇಳ್ಸಿ ಓಡ್ಸಿದ್ರ ಎಡಕ್ಕ ಮುಂದ ಸುಸ್ಸ್ ಅಂತ ಕೇಳಸ್ತದ. ಇಷ್ಟ ದಿನ ಎಸಿ ಹಚ್ಚಿ ಕಿಡಕಿ ಏರ್ಸಿರ್ತಿದ್ದೆ, ಕಿವಿಗೇ ಬಿದ್ದಿದ್ದಿಲ್ಲ.

ಬೀದರ್:
ನಿಮ್ಮ ಟರ್ಬೋ ಜೀವಂತ ಅದ ಅಂತ ನನಗ ಅನ್ನಸ್ತದ. ಲೆಕ್ಕ ನೋಡ್ರಿ. 220ರಾಗ 95 ಕಳದ್ರ 125 ಉಳೀತದ, ಅಂದ್ರ ಪೈಪಿನಾಗ 18 ಪಾಯಿಂಟ್ (ಪಿಎಸ್‌ಐ, ಒಂದಕ್ಕ ಸುಮಾರು 7 ಕಿಲೋಪಾಸ್ಕಲ್) ಹವಾ ಬೇಕು. ನಿಮ್ಮದು 165ಕ್ಕ ಹೋಗಿ, ಅಂದ್ರ 10 ಪಾಯಿಂಟ್ ಆದ ಮ್ಯಾಲ, ಹಿಂದ ಬೀಳ್ತದ. ವಿಜಿಟಿ ರೆಕ್ಕಿ ತೆರದೇ ಸಿಕ್ಕೊಂಡಿದ್ರ, ಇಲ್ಲಾ ವ್ಯಾಕ್ಯೂಮ್ ಸಾಲದಿದ್ರ, ಕೆಳಗಿನ ಆರ್‌ಪಿಎಂನಾಗೇ ಸತ್ತಂಗ ಇರ್ತಿತ್ತು. ನಿಮ್ಮದು 2000 ತನಕ ಚೊಲೋ ಎಳೀತದ ಅಂದ್ರಿ. ಒತ್ತಡ ಏರಿದಾಗ ಅಷ್ಟೇ ಬಾಯಿ ತೆರೆಯೋದು ಏನೋ ಅದ. ಬಿಸಲಾಗ ಜಾಸ್ತಿ ಅಂತೀರಿ, ರಬ್ಬರ್ ಬಿಸಿಗಿ ಮೆತ್ತಗ ಆಗ್ತದ. ಇಂಟರ್‌ಕೂಲರ್ ಹೋಸ್ ಅನ್ನೋದು ನನ್ನ ಅಂದಾಜು.

ಪತ್ತೆ ಆಗೋ ತನಕ ಜೋರು ಓಡ್ಸಬ್ಯಾಡ್ರಿ. ಸೋರೋ ಹವಾ ತುಂಬಸ್ಲಾಕ ಟರ್ಬೋ ಇನ್ನೂ ಜೋರ್ ತಿರಗ್ತದ, ಆಮ್ಯಾಲ ಆ 38 ಸಾವಿರ ಖರೇನೇ ಆಗ್ತದ.

ಪರೀಕ್ಷಾ ಹಿಂಗ ಮಾಡ್ರಿ. ಹಾರ್ಡ್‌ವೇರ್ ಅಂಗಡ್ಯಾಗ ಟರ್ಬೋ ಬಾಯಿ ಅಳತಿದು ಪಿವಿಸಿ ಎಂಡ್ ಕ್ಯಾಪ್ ತಗೋರಿ. ನಡುವ 11.5 ಮಿ.ಮೀ. ತೂತು ಕೊರದು ಟ್ಯೂಬ್‌ಲೆಸ್ ವಾಲ್ವ್ ಜಗ್ರಿ. ಏರ್ ಫಿಲ್ಟರ್‌ನಿಂದ ಬರೋ ಪೈಪ್ ಬಿಚ್ಚಿ, ಕ್ಯಾಪನ್ನ ಸೀದಾ ಟರ್ಬೋ ಬಾಯಿಗೇ ಹೋಸ್ ತುಂಡು, ಕ್ಲಿಪ್ ಹಾಕಿ ಬಿಗೀರಿ. ಫಿಲ್ಟರ್ ಬಾಜೂ ಕ್ಯಾಪ್ ಹಾಕಿದ್ರ ಬ್ರೀದರ್‌ನಿಂದ ಇಂಜಿನ್ ಒಳಗ ಹವಾ ಹೋಗಿ ಆಯಿಲ್ ಸೀಲ್ ಹಾರ್ತದ, ಅದಕ್ಕ ಹೇಳ್ಲಾಕತ್ತೀನಿ. ಪಂಕ್ಚರ್ ಅಂಗಡಿ ಹವಾ ಸಾಕು, ಆದ್ರ 15 ಪಾಯಿಂಟ್ ದಾಟಬ್ಯಾಡ್ರಿ, ಕ್ಯಾಪ್ ಎದುರಿಗಿ ಮುಖ ಇಡಬ್ಯಾಡ್ರಿ. ಸಾಬೂನು ನೀರು ಎಲ್ಲಾ ಜೋಡಣಿಗೂ ಹಚ್ರಿ, ಹೋಸಿನ ಹೊಟ್ಟಿ ಕೆಳಗೂ ಹಚ್ರಿ. ಆಯಿಲ್ ಹಾಕೋ ಬಾಯಿ, ಸೈಲೆನ್ಸರ್ ಕಡಿಯಿಂದ ಮೆಲ್ಲಗ ಹವಾ ಹೊಂಟ್ರ ಗಾಬರಿ ಬ್ಯಾಡ. ತೆರೆದ ವಾಲ್ವ್‌ನಿಂದ, ರಿಂಗ್ ಸಂದಿನ್ಯಾಗಿಂದ ಸ್ವಲ್ಪ ಹೋಗೇ ಹೋಗ್ತದ.

ಕಲಬುರಗಿ:
ಆದಿತ್ಯವಾರ ಇಡೀ ದಿನ ಇದೇ ಕೆಲಸ ಆತು. ಮೊದಲ ಸಲ ಏನೂ ಸಿಗಲಿಲ್ಲ. ಪಂಕ್ಚರ್ ಅಂಗಡಿ ಚಾಚಾ ಅಂಜಿ 5 ಪಾಯಿಂಟ್‌ಗೇ ಕೈ ಬಿಟ್ಟಿದ್ದ, ಇಂಜಿನ್ನೂ ತಣ್ಣಗಿತ್ತು. ಒಂದು ಸುತ್ತ ಓಡ್ಸಿ ಬಿಸಿ ಮಾಡ್ಕೊಂಡು ಬಂದು, ನಾನೇ ಗನ್ ಹಿಡದು 14ರ ತನಕ ತುಂಬ್ದೆ. ಅಷ್ಟ್ರಾಗ ಪುಸ್ಸ್ ಅಂತು. ಟರ್ಬೋದಿಂದ ಇಂಟರ್‌ಕೂಲರ್‌ಗಿ ಹೋಗೋ ಬಿಸಿ ಹೋಸ್, ಎಡಕ್ಕ ಕೆಳಗ. ಮ್ಯಾಲಿಂದ ನೋಡಿದ್ರ ಹೊಸಾದರಂಗ ಅದ. ಕೆಳಗ ಕೈ ಹಾಕಿದ್ರ, ಎಸಿ ಪೈಪಿನ ಬ್ರಾಕೆಟ್ ತಿಕ್ಕಿ ತಿಕ್ಕಿ ಎರಡು ಇಂಚ ಉದ್ದ ಸೀಳ್ಯದ. ಸುಮ್ನಿದ್ದಾಗ ತುಟಿ ಮುಚ್ಚಿದಂಗ ಕೂಡ್ತದ, ಉಗರೂ ಹೋಗಂಗಿಲ್ಲ. ಒಳಗಿನ ನೂಲು ಎಣ್ಣಿ ಕುಡದು ಗ್ರೀಸ್ ಬಟ್ಟಿಯಂಗ ಆಗ್ಯದ. ಸುತ್ತ ಕರಿ ಎಣ್ಣಿ ಮ್ಯಾಲ ಧೂಳು ಕೂತಿತ್ತು, ಮೊದಲೇ ಬಗ್ಗಿ ನೋಡಿದ್ರ ಸಿಕ್ಕಿರ್ತಿತ್ತು.

ಯಾದಗಿರಿ:
ಸೈಕಲ್ ಟ್ಯೂಬ್ ಸುತ್ತಿ ಕ್ಲಿಪ್ ಹಾಕಿದ್ರ ನಡಿಯಂಗಿಲ್ಲೇನ್ರಿ?

ಬೀದರ್:
ಮನೀಗಿ ಮುಟ್ಟೋ ತನಕ ನಡೀತದ. ಆ ಹೋಸ್ ಟರ್ಬೋ ಬಿಸಿ ಹವಾ ಹೊರೋದು, ಟ್ಯೂಬ್ ಅಲ್ಲಿ ಕರಗಿ ಅಂಟಾಗ್ತದ. ಹೊಸಾ ಹೋಸೇ ಹಾಕ್ರಿ. ಬ್ರಾಕೆಟ್ಟೂ ಸ್ವಲ್ಪ ಬಗ್ಗಿಸ್ರಿ, ಇಲ್ಲಾಂದ್ರ ಅದನ್ನೂ ತಿಂತದ.

ಕಲಬುರಗಿ:
ಹೋಸ್ ಬರ್ಲಾಕ ನಾಕ ದಿನ ಹಿಡೀತು. ಎರಡೂ ಕ್ಲಾಂಪ್ ಸೇರಿ 2,900 ಆತು. ಬ್ರಾಕೆಟ್ ಬಗ್ಗಿಸಿ ನಡುವ ರಬ್ಬರ್ ತುಂಡು ಇಟ್ಟೀನಿ. ನಿನ್ನೆ ಮಧ್ಯಾಹ್ನ, ಉರಿ ಬಿಸಲಾಗೇ, ಅದೇ ಏರಿಗಿ ಹೋದೆ. ತಮ್ಮ ಬಾಜೂಕ ಕೂತು ಫೋನ್ ಹಿಡದಿದ್ದ. ಕೇಳಿದ್ದು 220, ಸಿಕ್ಕಿದ್ದು 217. ಹೊಗಿ ಇಲ್ಲ, ದೀಪ ಇಲ್ಲ. ಬರಾಗ ಕಮಲಾಪುರದಾಗ ನಿಂತು ಕೆಂಪು ಬಾಳೆಹಣ್ಣು ತಗೊಂಡು ಬಂದ್ವಿ, ಬೀದರ್‌ನವರು ಈ ಕಡಿ ಬಂದ್ರ ನಿಮ್ಮ ಪಾಲು ಅದ.

ಬೀದರ್:
ಬಾಳೆಹಣ್ಣಿಗಿ ಬರ್ತೀನ್ರಿ. ಹೊಸಾ ರಬ್ಬರ್ ಕೂಡ್ತದ, 200 ಕಿ.ಮೀ. ಆದ ಮ್ಯಾಲ ಎರಡೂ ಕ್ಲಾಂಪ್ ಇನ್ನೊಂದ್ಸಲ ಬಿಗಿ ಮಾಡ್ರಿ.